ನೋಡಾನ

ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. ವಿರುಪಮ್ಮ ಗಂಡನ ಬೆರಳುಗಳನ್ನು ಒಂದೊಂದಾಗಿ ಹಿಡಿದು ಸೀಗೆಪುಡಿ ಹಚ್ಚಿ ತಿಕ್ಕುತ್ತಲೇ ಇದ್ದಳು. ಹೊಸಪೇಟೆಯ ಶೆಡ್ಡಿನಲ್ಲಿ ಆಯಸ್ಸೆಲ್ಲ ಲಾರಿ ಎಂಜಿನ್ ಬಿಚ್ಚಿ ಕೂಡಿಸಿದ ಹುಲುಗಪ್ಪನನ್ನು ಬದುಕಿದ್ದಾಗ ಬಿಡದ ಗ್ರೀಸು ಈಗ ಬಿಟ್ಟೀತೆ? ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಬಾಯಿಬಿಟ್ಟು ಅಳಬೇಕಾದ ಹೊತ್ತಿನಲ್ಲಿ ಅವಳ ಕಿವಿ ಹೊರಗಿನ ಕಟ್ಟೆಯ ಮೇಲಿತ್ತು. ಅಲ್ಲಿ ಅವಳ ತಮ್ಮ ಪಾಲಪ್ಪನೂ ಗಂಡನ ಜೊತೆಗಾರ ಮೇಸ್ತ್ರಿ ಮೂಕಪ್ಪನೂ ಮಾತಾಡುತ್ತಿದ್ದರು.

"ನಿನ್ನ ಗಾಡಿ ಎಂಜಿನ್ ಬಿಚ್ಚಿದ್ದು ಹಂಗ ಐತಿ ಪಾಲಪ್ಪ. ನಾಳಿ ನಾ ಕೂಡಿಸ್ತೀನಿ. ಯಾವ ಕ್ಯಾಮ್ ಹಾಕ್ಲಿ? ಕಂಪನೀದೋ, ನೀ ತಂದ ಹೊಸಾದೋ?"

"ಹೊಸಾದು ಮೂಕಣ್ಣ. ಹುಲುಗಪ್ಪ ಮಾಮ ಒಪ್ಪಿದ್ದ. ಮೊನ್ನಿ ನನ್ನ ಮುಂದ 'ಆತು, ನೋಡಾನ' ಅಂದ."

"ಹಂಗಂದಿದ್ರ ಮುಗೀತು ಬಿಡು. ಸತ್ತವನ ಮಾತು ಮೀರಬಾರ್ದು."

ವಿರುಪಮ್ಮ ಹಿಡಿದಿದ್ದ ಬೆರಳನ್ನು ಬಿಟ್ಟು ಬಾಗಿಲ ಕಡೆ ತಿರುಗಿದಳು. ಆ ಮನುಷ್ಯ ಒಪ್ಪಿದರೆ "ಹೂಂ" ಅನ್ನುತ್ತಿದ್ದ. ಒಲ್ಲದ್ದಕ್ಕೆ ಮಾತ್ರ "ನೋಡಾನ". ಹೆಂಡತಿಯ ತವರಿನವರ ಮುಂದೆ ಇಲ್ಲ ಅನ್ನುವ ನಾಲಿಗೆಯನ್ನೇ ದೇವರು ಅವನಿಗೆ ಕೊಟ್ಟಿರಲಿಲ್ಲ. ಬುಕ್ಕಸಾಗರಕ್ಕೆ ಬಂದು ನಮ್ಮ ಗದ್ದೆ ಮಾಡು ಎಂದು ಅವಳಪ್ಪ ಕರೆದಾಗಲೂ "ನೋಡಾನ" ಅಂದಿದ್ದ. ಮಾವ ತೀರಿಕೊಂಡರೂ ಅವನು ನೋಡುತ್ತಲೇ ಇದ್ದ.

\*

ಕಾಲುವೆ ನೀರು ಕುಡಿದ ಭತ್ತ ಎರಡು ಬೆಳೆ ಕೈಹಿಡಿದದ್ದೇ ತಡ, ಪಾಲಪ್ಪ ಟರ್ಬೊ ಲಾರಿ ಕೊಂಡು ಸಂಡೂರಿನ ಅದಿರು ಹೊರಲು ನಿಂತಿದ್ದ. ಎಲ್ಲರ ಮುಂದೆ ಹೋಗಬೇಕೆಂಬ ಹುಚ್ಚು ಅವನಿಗೆ. ಮೊನ್ನೆ ಊಟದ ಹೊತ್ತಿಗೆ ಆ ಹೊಸ ಕ್ಯಾಮನ್ನು, ಗೋಣಿತಟ್ಟು ಸುತ್ತಿದ ಉಕ್ಕಿನ ದಂಡವನ್ನು, ತಂದು ಭಾವನ ಮುಂದೆ ಬಿಚ್ಚಿದ. ಮೈತುಂಬ ಉಬ್ಬುಗಳು. ಕೊಯಮತ್ತೂರಿನ ಮುದುಕ ಮೇಸ್ತ್ರಿಯೊಬ್ಬ ಉಜ್ಜಿ ಕೊಟ್ಟದ್ದಂತೆ, ಕಣ್ಣು ಮಂಜಾಗಿವೆ, ಇನ್ನೊಂದು ನನ್ನ ಕೈಲಾಗದು ಅಂದನಂತೆ.

ತಮ್ಮ ಹೋದಮೇಲೆ ಹುಲುಗಪ್ಪ ತಟ್ಟೆಗೆ ಕೈ ಹಾಕಲಿಲ್ಲ. ವಿರುಪಮ್ಮ ಕೇಳಿದಳು, "ಯಾಕ್ರೀ, ಚಲೋ ಇಲ್ಲೇನು ಅದು?"

"ಚಲೋ ಐತಿ. ಅವನ ಎಂಜಿನ್ನಿಗೆ ಅಲ್ಲ. ಎಂಜಿನ್ ಉಸಿರಾಡೋ ಬಾಗಿಲಾ ತೆಗಿಯೋದು, ಮುಚ್ಚೋದು ಈ ಉಬ್ಬುಗಳ ಕೆಲಸ. ಟರ್ಬೊ ಮೊದ್ಲ ಗಾಳಿ ದಬ್ಬತೈತಿ, ಇಷ್ಟು ದೊಡ್ಡ ಉಬ್ಬು ಬೇಕಾಗಂಗಿಲ್ಲ. ಸಪಾಟು ರಸ್ತೇದಾಗ ಹಾರಿ ಹೋಗ್ತಾನ. ಘಾಟಿ ಇಳಿವಾಗ ಲೋಡು ಹಿಂದಿಂದ ದಬ್ಬಿ ಎಂಜಿನ್ ಮಿತಿ ಮೀರಿ ತಿರುಗಿತು ಅಂದ್ರ, ಮುಚ್ಚಾಕ ಪುರಸೊತ್ತಿಲ್ದ ಆ ಬಾಗಿಲು, ಅದ ವಾಲ್ವು, ಹೋಗಿ ಪಿಸ್ಟನ್ನಿಗೆ ಬಡೀತೈತಿ. ಎಂಜಿನ್ ಒಡೆದ್ರ ಗೇರಿನ ಹಿಡಿತ ಹೋತು. ಬರೇ ಬ್ರೇಕು ಎಷ್ಟಂತ ತಡದೀತು?"

"ಹಂಗಾದ್ರ ಬ್ಯಾಡ ಅಂತ ಹೇಳ್ರಿ!"

"ನಿನ್ನ ತಮ್ಮಗ ಹೆಂಗ ಹೇಳ್ಲಿ? ಹಳೇದ ಹಾಕಿ ಸುಮ್ನಾಗ್ತೀನಿ."

ಆ ಪುಣ್ಯಾತ್ಮ ಅದನ್ನು ಶೆಡ್ಡಿಗೆ ಒಯ್ಯಲೂ ಇಲ್ಲ, ಮೈದುನನಿಗೆ ತಿರುಗಿಸಿ ಕೊಡಲೂ ಇಲ್ಲ. ಮನೆಯ ಮೂಲೆಗೆ ಒರಗಿಸಿಟ್ಟ.

\*

ಅವಳು ಈಗ ಕಟ್ಟೆಯ ಮೇಲಿದ್ದ ತಮ್ಮನನ್ನು ಒಳಗೆ ಕರೆದಳು. "ಪಾಲಪ್ಪ, ನಿಮ್ಮ ಮಾಮ ಒಪ್ಪಿದ್ದಿಲ್ಲೋ. ನೋಡಾನ ಅಂದ್ರ ಅವರ ಬಾಯಾಗ ಬ್ಯಾಡ ಅಂತ."

"ಅಕ್ಕಾ, ದುಃಖದಾಗ ಏನೇನರ ಅನಬ್ಯಾಡ," ಅಂದ ಅವನು. ಕಣ್ಣು ಕೆಂಪಾಗಿದ್ದವು. "ಬ್ಯಾಡಾಗಿದ್ರ ನನ್ನ ಮುಂದ ಹೇಳ್ತಿದ್ದಿಲ್ಲೇನು? ನನ್ನ ಸಲುವಾಗಿ ಮಾಮ ಹಿಡಿದ ಕಡೀ ಕೆಲಸ ಅದು. ಹಂಗ ಬಿಡ್ಲೇನು?"

ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು ಚಟ್ಟ ಕಟ್ಟಲು ಹೋದ. ಹಟಕ್ಕಾದರೆ ಬೈಯಬಹುದು, ಪ್ರೀತಿಗೆ ಏನು ಹೇಳುವುದು? ಇವತ್ತು ಒಬ್ಬನನ್ನು ಮಣ್ಣು ಮಾಡಿ ಬಂದು, ನಾಳೆ ಇನ್ನೊಬ್ಬನ ಸುದ್ದಿಗೆ ಘಾಟಿ ಕಡೆ ಕಿವಿಗೊಟ್ಟು ಕೂರಬೇಕೆ?

ಗಂಡಸರೆಲ್ಲ ಹೊರಗಿದ್ದರು. ವಿರುಪಮ್ಮ ಎದ್ದು ಮೂಲೆಯ ಗೋಣಿತಟ್ಟನ್ನು ಎಳೆದಳು. ಒಬ್ಬಳಿಗೆ ಎತ್ತಲಾಗಲಿಲ್ಲ. ಅಷ್ಟರಲ್ಲಿ ಹೂವಿನ ಬುಟ್ಟಿ ಹಿಡಿದು ಪಾಲಪ್ಪನ ಹೆಂಡತಿ ಜಂಬವ್ವ ಒಳಗೆ ಬಂದಳು.

"ಏನದು ಅಕ್ಕಾ?"

"ನಿನ್ನ ಗಂಡನ ಹೊಸಾ ಕ್ಯಾಮ್. ಇದ್ನ ಹಾಕಿದ್ರ ಲಾರಿ ಘಾಟೀದಾಗ ಅವನ ಕೈಗೆ ನಿಲ್ಲಂಗಿಲ್ಲ. ಇವರು ನನ್ನ ಮುಂದ ಹೇಳ್ಯಾರ. ಅವ ನಂಬವಲ್ಲ."

ಜಂಬವ್ವ ಬಾಗಿಲ ಕಡೆ ನೋಡಿದಳು. ಬುಟ್ಟಿ ಕೆಳಗಿಟ್ಟು, ಬಂದು ದಂಡದ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಹುಲುಗಪ್ಪನ ಮಗ್ಗುಲಿಗೆ, ತೋಳಿನುದ್ದಕ್ಕೂ ಮಲಗಿಸಿದರು. ಹೊಸ ಬಟ್ಟೆ ಹೊದಿಸಿ ಸುತ್ತಲೂ ಬಿಗಿದರು. ಉಬ್ಬು ಕಂಡಲ್ಲೆಲ್ಲ ಜಂಬವ್ವ ಹೂವು ಸುರಿದಳು. ನಾಳೆ ಪಾಲಪ್ಪ ಹುಡುಕಲಿ, ಕೂಗಾಡಲಿ. ಕೂಗಾಡಲು ಇರುತ್ತಾನಲ್ಲ, ಅಷ್ಟು ಸಾಕು.

ಗಂಡಸರು ಬಂದು, ಸುತ್ತಿದ ಬಟ್ಟೆ ಬಿಚ್ಚದೆ ಹೆಣವನ್ನು ಚಟ್ಟಕ್ಕೆ ಕಟ್ಟಿ ಎತ್ತಿದರು. ಮುಂದಿನ ಬಲಗಡೆ ಹೆಗಲು ಕೊಟ್ಟವನು ಪಾಲಪ್ಪ. ಕಾಲುವೆ ದಂಡೆ ಹತ್ತುವಾಗ ಅವನ ಕಾಲು ತಡವರಿಸಿತು.

"ಮಾಮ ಭಾಳ ಭಾರ ಆಗ್ಯಾನ ಮೂಕಣ್ಣ."

"ಉಸಿರು ಹೋದ ಮೈ, ಭಾರ ಇರತೈತಿ. ಇತ್ತ ಕೊಡು, ನಾ ಹೊರ್ತೀನಿ."

"ಬ್ಯಾಡ. ಮಶಾಣತನಕ ನಾನ ಹೊರಾಂವ."

ಹಿಂದೆ ನಡೆಯುತ್ತಿದ್ದ ಜಂಬವ್ವ ವಿರುಪಮ್ಮನ ಕೈಯನ್ನು ಬಿಗಿಯಾಗಿ ಹಿಡಿದಳು. ಮುಂದೆ ಪಾಲಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಹೆಗಲಿಗೂ ಬಿದಿರಿಗೂ ನಡುವೆ ತುರುಕಿ, ಬೆನ್ನು ಬಾಗಿಸಿ ಹೆಜ್ಜೆ ಕಿತ್ತಿಟ್ಟ.