ಅಟ್ಟದ ಮೇಲಿನ ಪೆಟ್ಟಿಗೆ

ದಕ್ಷಿಣ ಆಫ್ರಿಕಾದ ಕರೂ ಬಯಲಿನಲ್ಲಿ ಮನುಷ್ಯರಿಗಿಂತ ಕುರಿಗಳಿಗೇ ಹೆಚ್ಚು ಮರ್ಯಾದೆಯಿದ್ದ ಕಾಲದಲ್ಲಿ ಒಬ್ಬ ಅಪ್ಪನಿಗೆ ಇಬ್ಬರು ಗಂಡುಮಕ್ಕಳಿದ್ದರಂತೆ. ದೊಡ್ಡವನು ಬಾರೆಂಡ್, ಚಿಕ್ಕವನು ಲೌರೆನ್ಸ್. ಅಪ್ಪ ಕಣ್ಣು ಮುಚ್ಚುವ ಮುನ್ನ ದೊಡ್ಡವನನ್ನು ಕರೆದು, "ಅಟ್ಟದ ಮೇಲಿನ ಹಲಗೆಗಳೆಲ್ಲ ಒಂದೇ ಮರದ್ದು. ನಿಮ್ಮಿಬ್ಬರ ಶವಪೆಟ್ಟಿಗೇನೂ ನೀನೇ ಮಾಡ್ಬೇಕು" ಎಂದ. ಬಾರೆಂಡ್ ತಮ್ಮನ ಎದುರೇ ಮಾತು ಕೊಟ್ಟ. ಆ ಸೀಮೆಯ ಹಳೇ ಮನೆಗಳಲ್ಲಿ ಸಾವಿಗೆ ಮೊದಲೇ ಪೆಟ್ಟಿಗೆ ಸಿದ್ಧವಿರಬೇಕು. ಅಲ್ಲಿಯವರೆಗೆ ಅದರಲ್ಲಿ ಒಣಗಿಸಿದ ಪೀಚ್ ಹಣ್ಣು ತುಂಬಿಡುವುದು ವಾಡಿಕೆ.

ತನ್ನದನ್ನು ಬಾರೆಂಡ್ ಬೇಗ ಮುಗಿಸಿದ. ತಮ್ಮನದಕ್ಕೆ ಕೈ ಏಳಲಿಲ್ಲ.

ಲೌರೆನ್ಸ್ ಪಾರ್ಲಿಮೆಂಟಿಗೆ ಹೋದ, ಮಂತ್ರಿಯಾದ, ಆಮೇಲೆ ಲಿಸ್ಬನ್ನಿನಲ್ಲಿ ರಾಯಭಾರಿಯಾದ. ಬಾರೆಂಡ್ ಇತ್ತ ಕುರಿಗಳ ಗೊರಸು ಕತ್ತರಿಸುತ್ತ ಕುಳಿತ. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿ ಕೈ ಕುಲುಕಿ ಕೇಳುತ್ತಿದ್ದುದು, "ತಮ್ಮ ಹೇಗಿದ್ದಾರೆ?" ಹೆಂಡತಿ ಹೆಸ್ಟರ್ ಗೋಡೆಗೆ ತೂಗುಹಾಕಿದ ಫೋಟೋದಲ್ಲೂ ಮೈದುನನೇ ನಡುವೆ, ಗಂಡನ ಒಂದು ಕಿವಿ ಚೌಕಟ್ಟಿನಾಚೆ. ಹಲಗೆಗಳನ್ನು ಕಂಡಾಗಲೆಲ್ಲ ಬಾರೆಂಡನ ಹೊಟ್ಟೆಯಲ್ಲಿ ಕೆಂಡ. ಅವನಿಗೇನು, ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ ಸರ್ಕಾರವೇ ಕಳಿಸುತ್ತದೆ ಎಂದುಕೊಂಡು ಇಳಿದುಬಿಡುತ್ತಿದ್ದ.

ಬಿಳಿಯರ ಆ ಸರ್ಕಾರವೇ ಬದಲಾಯಿತು. ಕರಿಯರಿಗೂ ಮತ ಇರಲಿ ಎಂದು ಆ ಆಳ್ವಿಕೆಯ ಕೊನೆಯಲ್ಲಿ ದನಿಯೆತ್ತಿದ್ದ ಲೌರೆನ್ಸ್ ಒಂದು ಮಧ್ಯಾಹ್ನ ಸೂಟ್‌ಕೇಸ್ ಹಿಡಿದು ಬಂದಿಳಿದ. ಕಾಫಿ ಕುಡಿದವನೇ ಅಟ್ಟ ಹತ್ತಿದ. ಬಾರೆಂಡ್ ಹಿಂದೆ ಹತ್ತುವಷ್ಟರಲ್ಲಿ ತಮ್ಮ ಪೀಚುಗಳನ್ನು ಚೀಲಕ್ಕೆ ಸುರಿದು ಅಲ್ಲಿದ್ದ ಒಂದೇ ಪೆಟ್ಟಿಗೆಯಲ್ಲಿ ಮಲಗಿಬಿಟ್ಟಿದ್ದ.

"ಮಾತು ಉಳಿಸ್ಕೊಂಡೆಯಲ್ಲ ಅಣ್ಣ," ಎಂದ. ಎರಡೂ ಬದಿಯ ಹಲಗೆ ಸವರಿದ.

ಇದೂ ಇವನದೇ ಆಯಿತಲ್ಲ ಎಂದು ಬಾರೆಂಡ್ ಹಲ್ಲು ಕಚ್ಚಿದ.

"ಆದ್ರೆ ಸೊಂಟದ ಹತ್ರ ಬಿಗಿ ಮಾಡಿದೀಯ. ಏಳಕ್ಕಾಗ್ತಿಲ್ಲ. ಸ್ವಲ್ಪ ಎಳಿ."

"ಔತಣ ತಿಂದು ತಿಂದು ಊದಿರೋನು ನೀನು, ಬೈಯೋದು ಪೆಟ್ಟಿಗೇನ?" ಬಾರೆಂಡ್ ಕೈ ಕೊಡಲಿಲ್ಲ. "ಅದು ನಂದು."

"ಮತ್ತೆ ನಂದು?"

ಬಾರೆಂಡ್ ಜೇಡರ ಬಲೆ ಕಟ್ಟಿದ್ದ ಹಲಗೆಗಳತ್ತ ಗದ್ದ ಚಾಚಿದ. "ನಿಂಗೆ ದೇಶಾನೇ ಇತ್ತಲ್ಲ."

"ದೇಶ," ಎಂದ ಲೌರೆನ್ಸ್, ಮಲಗಿದಲ್ಲೇ. "ಹೊಸಬರಿಗೆ ನನ್ನ ಹೆಸರು ಗೊತ್ತಿಲ್ಲ. ನಮ್ಮೋರು ದ್ರೋಹಿ ಅಂತಾರೆ. ಊರೂರಲ್ಲಿ ಯಾರದೋ ಮಂಚದ ಮೇಲೆ ಮಲಗಿ, ಅಟ್ಟದಲ್ಲಿ ನಂದೊಂದು ಇದೆ ಅಂದ್ಕೋತಿದ್ದೆ. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಕಣಣ್ಣ."

"ಏನಂದೆ?"

"ಕೇಳಿಸ್ತಲ್ಲ."

"ಇನ್ನೊಂದ್ಸಲ ಹೇಳು. ಎಳೀತೀನಿ."

ಹೇಳಿದ. ಬಾರೆಂಡ್ ಎಳೆದ, ಎದ್ದು ನಿಂತವನ ಸೊಂಟಕ್ಕೆ ದಾರ ಸುತ್ತಿ ಅಳತೆ ತೆಗೆದ.

ಮರುದಿನ ಕೊಟ್ಟಿಗೆಯಲ್ಲಿ ಗರಗಸ ಹಾಡಿತು. "ರಾಯಭಾರಿಗಳೇ, ಹಲಗೆ ಗಟ್ಟಿಯಾಗಿ ಹಿಡೀರಿ. ಭಾಷಣ ಆಮೇಲೆ," ಎಂದು ಬಾರೆಂಡ್ ಗದರಿಸಿದಾಗಲೆಲ್ಲ ಹೆಸ್ಟರ್ ಅಡುಗೆಮನೆಯಲ್ಲೇ ನಗುತ್ತಿದ್ದಳು.

ವಾರಾಂತ್ಯಕ್ಕೆ ಮುಚ್ಚಳ ಕೂತಿತು. ನುಣುಪು, ಅಗಲ, ಒಂದು ಗಂಟೂ ಕಾಣದ ಕೆಲಸ. ತನ್ನದಕ್ಕಿಂತ ಚೆನ್ನಾಗಿ ಬಂತಲ್ಲ ಎಂದು ಬಾರೆಂಡನ ಹೊಟ್ಟೆ ಮತ್ತೆ ಉರಿಯಿತು. ಆದರೂ ಹಿಡಿಕೆಯ ಕೊನೆಯ ಮೊಳೆಯನ್ನು ನೆಟ್ಟಗೇ ಹೊಡೆದ.