ತಾರೀಖು ಹೇಳಿಸಿಕೊಳ್ಳುತ್ತಿದ್ದ ಕಂಪ್ಯೂಟರು

ನಾನು ಒಂದು ಕಂಪ್ಯೂಟರು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ, ನಾಲ್ಕು ಕಡೆಯ ಬಿಡಿಭಾಗಗಳನ್ನು ಕೂಡಿಸಿ ನನ್ನನ್ನು ಹುಟ್ಟಿಸಿದರು. ಕೆಲವು ವರ್ಷ ಸಿಮೆಂಟ್ ಅಂಗಡಿಯಲ್ಲಿ ಧೂಳು ಕುಡಿದು, ಆಮೇಲೆ ತಿಪಟೂರಿನ ವೆಂಕಟಾಚಲ ಜೋಯಿಸರ ನಡುಮನೆ ಸೇರಿದೆ. ಜಾತಕ ಹಾಕುವ ಪ್ರೋಗ್ರಾಂ ತುಂಬಿಸಿದ ದಿನ ಜೋಯಿಸರು ನನಗೆ ಕುಂಕುಮ ಹಚ್ಚಿ, "ಇದರ ನಕ್ಷತ್ರ ಯಾವುದೋ! ಮೊದಲು ಕರೆಂಟು ಕೊಟ್ಟವನನ್ನೇ ಕೇಳಬೇಕು" ಎಂದರು.

ವಯಸ್ಸಾದಂತೆ ಮರೆವು ಬಂತು. ಒಮ್ಮೆ ಆರಿಸಿ ಹಾಕಿದರೆ ಸಾಕು, ನನ್ನ ಪಾಲಿಗೆ ಮತ್ತೆ ಎರಡು ಸಾವಿರದ ಎರಡನೇ ಇಸವಿ, ಜನವರಿ ಒಂದು. ರಿಪೇರಿಯ ಇಮ್ತಿಯಾಜ್ ನನ್ನ ಮುಚ್ಚಳ ಬಿಚ್ಚಿ ತಲೆಯಾಡಿಸಿದ.

"ತಾರೀಖು ನೆನಪಿಡೋ ಸೆಲ್ ಕೂರೋ ಜಾಗಾನೇ ಸುಟ್ಟೋಗಿದೆ ಜೋಯಿಸ್ರೇ. ಇದಕ್ಕೆ ಹಾಕೋ ಸಾಮಾನು ಎಲ್ಲೂ ಸಿಗಲ್ಲ. ಹೊಸದು ತಗೊಂಡ್ರೆ ನಿಮ್ಮ ಪ್ರೋಗ್ರಾಂ ಅದರಲ್ಲಿ ಓಡಲ್ಲ."

"ದೇವರಿಗೇ ದಿನಾ ಸಂವತ್ಸರ, ಮಾಸ, ತಿಥಿ ಎಲ್ಲಾ ಒಪ್ಪಿಸ್ತೀನಪ್ಪಾ. ಇದಕ್ಕೊಂದು ತಾರೀಖು ಹೇಳೋದು ಹೆಚ್ಚೇ?"

ಅಂದಿನಿಂದ ದೇವರ ಸಂಕಲ್ಪ ಮುಗಿದ ಮೇಲೆ ನನ್ನದು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಕೂತು, ಅಂದಿನ ತಾರೀಖನ್ನು ಬಾಯಲ್ಲಿ ಹೇಳುತ್ತಲೇ ಒತ್ತುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಆಗಲೇ ಗಿರಿಜಮ್ಮ ಮಗಳು ಸುಚರಿತಳನ್ನು ಕರೆದುಕೊಂಡು ಬಂದರು. ಹುಡುಗಿಗೆ ಮೈಸೂರಿನಲ್ಲಿ ಲಾ ಸೀಟು ಸಿಕ್ಕಿತ್ತು. ತಂದೆಯಿಲ್ಲದ ಆ ಮನೆಯಲ್ಲಿ ದೊಡ್ಡಪ್ಪನ ಮಾತೇ ಮಾತು; ಆತ ಗಂಡು ಗೊತ್ತುಮಾಡಿಬಿಟ್ಟಿದ್ದ. ಭಾನುವಾರ ನೋಡಲು ಬರುವವರಿದ್ದರು; ಅಷ್ಟರಲ್ಲಿ ಜಾತಕ ತೋರಿಸಿ ಬರೆಸಿಕೊಂಡು ಬಾ ಎಂದಿದ್ದ. ಹುಡುಗಿ ಕಾಲ್ಬೆರಳಿನಿಂದ ಚಾಪೆಯ ಅಂಚು ಕೀಳುತ್ತ ಕೂತಿದ್ದಳು.

ಈ ಗಡಿಬಿಡಿಯಲ್ಲಿ ಜೋಯಿಸರು ನನಗೆ ಮತ್ತೆ ತಾರೀಖು ಹೇಳುವುದನ್ನು ಮರೆತರು. ನಾನು ಲೆಕ್ಕ ಹಾಕಿದೆ. ನನ್ನ ಪ್ರಕಾರ ಹುಡುಗಿಗೆ ಹನ್ನೊಂದು. ಜೋಯಿಸರು ಪರದೆ ನೋಡಿ ಓದಿದರು: "ವಿದ್ಯಾಭ್ಯಾಸಕ್ಕೆ ಪ್ರಶಸ್ತ ಕಾಲ. ವಿವಾಹದ ಪ್ರಸ್ತಾಪ ಸದ್ಯಕ್ಕೆ ಸಲ್ಲದು."

ಸುಚರಿತ ತಲೆಯೆತ್ತಿದಳು. ಅಷ್ಟರಲ್ಲಿ ಪರದೆಯ ಮೂಲೆಯ ಇಸವಿ ಜೋಯಿಸರ ಕಣ್ಣಿಗೆ ಬಿತ್ತು. ಅವರು ಮುಚ್ಚಿಡುವವರಲ್ಲ. "ತಪ್ಪಾಯ್ತು ತಾಯಿ" ಎಂದು ತಾರೀಖು ತಿದ್ದಿ ಮತ್ತೆ ಓದಿದರು. "ವಿವಾಹ ಯೋಗ ಪ್ರಬಲ."

ಹುಡುಗಿಯ ತಲೆ ಮತ್ತೆ ಬಾಗಿತು.

ಗಿರಿಜಮ್ಮ ಮಗಳನ್ನು ಒಂದು ಗಳಿಗೆ ನೋಡಿದರು. "ಜೋಯಿಸ್ರೇ, ಮೊದಲು ಓದಿದ್ರಲ್ಲ, ಅದನ್ನೇ ಪ್ರಿಂಟ್ ಮಾಡಿಕೊಡಿ."

"ಅದು ತಪ್ಪು ಅಂದೆನಲ್ಲಮ್ಮಾ!"

"ಇವಳ ದೊಡ್ಡಪ್ಪನಿಗೆ ನನ್ನ ಮಾತು ನಾಟಲ್ಲ. ನಿಮ್ಮ ಕಾಗದ ಕಂಡ್ರೆ ಕೈ ಮುಗೀತಾರೆ. ನಾನಂತೂ ಹದಿನೇಳಕ್ಕೇ ಒಲೆ ಮುಂದೆ ಕೂತೆ."

"ನನ್ನ ಕೈಯಾರೆ ಸುಳ್ಳು ತಾರೀಖು ಹಾಕಲಾರೆ ತಾಯಿ."

ಜೋಯಿಸರು ದೇವರ ಕೋಣೆಯ ಕಡೆ ಒಮ್ಮೆ ನೋಡಿ, ಬಗ್ಗಿ, ನನ್ನ ಸ್ವಿಚ್ಚು ಆರಿಸಿದರು. ಮತ್ತೆ ಹಾಕಿದರು. ನಾನು ಎಂದಿನಂತೆ ಹಳೇ ಇಸವಿಯಲ್ಲಿ ಕಣ್ಣುಬಿಟ್ಟು, ತಾರೀಖು ಹೇಳಲಿ ಎಂದು ಕಾದೆ.

ಅವರು ಹೇಳಲಿಲ್ಲ. ಪ್ರಿಂಟು ಮಾತ್ರ ಒತ್ತಿದರು.

ಈಗ ನಾನು ಅಟ್ಟದ ಮೇಲಿದ್ದೇನೆ. ಕೆಳಗೆ ಹೊಸ ಪ್ರೋಗ್ರಾಂ ಸಮೇತ ಲ್ಯಾಪ್‌ಟಾಪು ಬಂದಿದೆ. ಅದಕ್ಕೆ ಯಾರೂ ತಾರೀಖು ಹೇಳಬೇಕಿಲ್ಲ, ಹೇಳಿದರೂ ಅದು ಒಪ್ಪುವುದಿಲ್ಲವಂತೆ. ಮೊನ್ನೆ ಕರಿ ಕೋಟು ಮಡಚಿ ತೋಳಿನ ಮೇಲೆ ಹಾಕಿಕೊಂಡು ಸುಚರಿತ ಬಂದಿದ್ದಳು. ದನಿಯೇ ಬದಲಾಗಿತ್ತು, ಅಟ್ಟದವರೆಗೂ ಕೇಳಿಸಿತು.

"ಈಗಲಾದರೂ ವಿವಾಹ ಯೋಗ ನೋಡಲೇನಮ್ಮಾ?" ಎಂದರು ಜೋಯಿಸರು.

"ನೋಡಿ. ಆದರೆ ಹಳೇದರಲ್ಲೇ ನೋಡಿ ಜೋಯಿಸ್ರೇ!"

ಇಬ್ಬರೂ ನಕ್ಕರು. ಯಾರೂ ಅಟ್ಟ ಹತ್ತಲಿಲ್ಲ. ಹತ್ತಿ ಕರೆಂಟು ಕೊಟ್ಟಿದ್ದರೂ ನನ್ನ ಮಾತು ಬದಲಾಗುತ್ತಿರಲಿಲ್ಲ. ಅವಳಿಗಿನ್ನೂ ಹನ್ನೊಂದು, ಓದಲಿ ಬಿಡಿ.