ಹಗ್ಗ ಕೊಡದೆ ಮಾರಿದ ಗಾಡಿ

ಗಾಡಿ ಮಾರಬೇಕೋ ಇಟ್ಟುಕೊಳ್ಳಬೇಕೋ ಎಂದು ನಾಗೇಶನ ಮನೆಯಲ್ಲಿ ನಡೆದಷ್ಟು ಚರ್ಚೆ ಅವನ ಮದುವೆಗೂ ನಡೆದಿರಲಿಲ್ಲ. ಗುಬ್ಬಿಯಿಂದ ಬಿದರೆಹಳ್ಳಿ ಕಾವಲ್ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಗೆ ಅಂಟಿದ ಹಾಗೆ ಅವರ ಮನೆ. ಮುಂದೊಂದು ಹುಣಸೆಮರ, ಮರದಡಿ ಅಪ್ಪನ ಕಾಲದ ಡೀಸೆಲ್ ಪಿಕಪ್. ಸುತ್ತಲ ತೋಟಗಳ ತೆಂಗಿನಕಾಯಿಯನ್ನು ಕುಣಿಗಲ್ಲಿಗೋ ತುಮಕೂರಿಗೋ ಸಾಗಿಸುವುದು ನಾಗೇಶನ ಕಸುಬು. ಅವನಿಗಿಂತ ಮುಂಚೆ ಅದು ಅವನ ಅಪ್ಪ ಅಣ್ಣಯ್ಯಪ್ಪನ ಕಸುಬಾಗಿತ್ತು.

ಹೆಂಡತಿ ಪ್ರಮೀಳಾ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಕಂಪನಿ ಬಸ್ಸಿನ ಮೆತ್ತನೆ ಸೀಟಿಗೆ ಒಗ್ಗಿದವಳಿಗೆ ಈ ಹಳೆಯ ಗಾಡಿಯ ಹೊಗೆ, ಕುಲುಕಾಟ, ವರ್ಷಾ ವರ್ಷಾ ಎಫ್‌ಸಿಗೆಂದು ಸಾರಿಗೆ ಆಫೀಸು ಸುತ್ತುವುದು ಒಂದೂ ಬೇಡವಾಗಿತ್ತು. ಗ್ಯಾಸ್ ಗಾಡಿ ತಗೊಳ್ಳಿ, ಡೀಸೆಲ್‌ಗೆ ಸುರಿಯೋದರಲ್ಲಿ ಅರ್ಧ ಉಳಿಯುತ್ತೆ ಎಂಬುದು ಅವಳ ವಾದ. ಶಿರಾ ಗೇಟಿನಲ್ಲಿ ಗ್ಯಾರೇಜು ಇಟ್ಟಿದ್ದ ಏಜಾಜ್ ಅಹಮದನದು ಪೂರ್ತಿ ಉಲ್ಟಾ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗೆ.

"ಗ್ಯಾಸ್ ಗಾಡಿ ಖಾಲಿ ಓಡ್ಸೋಕೆ ಚೆಂದ ನಾಗೇಶಣ್ಣ. ಕಾಯಿ ಲೋಡ್ ಹಾಕ್ಕೊಂಡು ಏರು ಹತ್ಸಿ ನೋಡಿ, ಆಗ ಗೊತ್ತಾಗ್ತದೆ. ಬಂಕಲ್ಲಿ ಕ್ಯೂ ಬೇರೆ. ಇದರ ಎಂಜಿನ್ನು ನಮ್ಮಿಬ್ಬರನ್ನೂ ಸಾಗಾಕಿ ಆಮೇಲೆ ನಿಲ್ಲೋದು," ಅಂದ ಏಜಾಜ್.

ಅವನು ತಮಾಷೆಗೆ ಅಂದದ್ದು. ನಾಗೇಶನ ಎದೆ ಮಾತ್ರ ಧಸಕ್ಕೆಂದಿತು. ಅವನು ಮೈಲೇಜು, ರೇಟು ಎಂದೆಲ್ಲ ಹೆಂಡತಿಯ ಮಾತನ್ನೇ ಗಿಣಿಪಾಠ ಒಪ್ಪಿಸುತ್ತಿದ್ದನೇ ಹೊರತು, ಗಾಡಿ ಮಾರಲು ಅವನಿಗಿದ್ದ ಕಾರಣ ಬೇರೆ. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆ, ನಗದಿದ್ದರೆ ಇನ್ನೂ ಕಷ್ಟ.

ಹಳೆಯ ಡೀಸೆಲ್ ಗಾಡಿಯ ಗುಣ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಒಮ್ಮೆ ಸ್ಟಾರ್ಟ್ ಆದರೆ ಕೀ ಕಿತ್ತು ಜೇಬಿಗೆ ಹಾಕಿಕೊಂಡರೂ ನಿಲ್ಲುವುದಿಲ್ಲ. ಸ್ಟೇರಿಂಗ್ ಕೆಳಗೆ ಒಂದು ಕರಿ ಗುಂಡಿ, ಅದಕ್ಕೊಂದು ಸ್ಟಾಪ್ ವೈರು ಇರುತ್ತದೆ. ಆ ಗುಂಡಿ ಹಿಡಿದು ಎಳೆದರೆ ಎಂಜಿನ್ನಿಗೆ ಡೀಸೆಲ್ ತಪ್ಪಿ ಅದು ಸುಮ್ಮನಾಗುತ್ತದೆ. ಎಳೆಯುವವರು ಇಲ್ಲದಿದ್ದರೆ ಟ್ಯಾಂಕು ಬರಿದಾಗುವವರೆಗೂ ಗುಡುಗುಡು ಎನ್ನುತ್ತಲೇ ಇರುತ್ತದೆ.

ಹೋದ ಕಾರ್ತಿಕದ ಒಂದು ಸಂಜೆ, ಕುಣಿಗಲ್ಲಿಗೆ ಕಾಯಿ ಇಳಿಸಿ ಬಂದ ಅಣ್ಣಯ್ಯಪ್ಪನ ಗಾಡಿ ಹುಣಸೆಮರದಡಿ ತನ್ನ ಜಾಗದಲ್ಲಿ ಬಂದು ನಿಂತಿತು. ಎಂಜಿನ್ ನಿಲ್ಲಲಿಲ್ಲ, ಅಪ್ಪ ಇಳಿಯಲಿಲ್ಲ. ಫೋನಿನಲ್ಲಿರಬೇಕು ಎಂದು ನಾಗೇಶ ಸ್ವಲ್ಪ ಹೊತ್ತು ಬಿಟ್ಟು ಹೋಗಿ ಬಾಗಿಲು ತೆಗೆದ. ಅಪ್ಪ ನೆಟ್ಟಗೆ ಕೂತಿದ್ದ, ಕಣ್ಣು ರಸ್ತೆಯ ಮೇಲಿತ್ತು, ಕೈ ಎರಡೂ ಸ್ಟೇರಿಂಗ್ ಮೇಲೆ. ನಾಗೇಶ ಗುಂಡಿ ಎಳೆದು ಎಂಜಿನ್ ನಿಲ್ಲಿಸಿ ಅಪ್ಪನ ಕೈ ಮುಟ್ಟಿದರೆ ನೀರಿನ ಕೊಡ ಮುಟ್ಟಿದ ಹಾಗಿತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಯಾವಾಗ ಹೋದರು ಎಂದು ಗುಬ್ಬಿಯ ಡಾಕ್ಟರು ಕೇಳಿದಾಗ, ಈಗ ತಾನೇ, ಮನೆ ಮುಟ್ಟಿದ ಮೇಲೆ ಎಂದ ನಾಗೇಶ. ಡಾಕ್ಟರು ಅವನ ಮುಖವನ್ನೇ ನೋಡಿದರು.

"ಹಾರ್ಟ್ ಅಟ್ಯಾಕ್ ಆಗಿದೆ. ಆದ್ರೆ ಮೈ ಹೀಗೆ ಸೆಟೆಯೋಕೆ ತುಂಬಾ ಹೊತ್ತು ಬೇಕಪ್ಪ," ಅಂದರು.

ಹಾಗಾದರೆ ಹೆಬ್ಬೂರು ದಾಟಿ, ಸೇತುವೆ ದಾಟಿ, ಗುಬ್ಬಿ ಪೇಟೆಯ ಸಂತೆಗದ್ದಲ ದಾಟಿ ಗಾಡಿ ಮನೆಗೆ ತಂದವರು ಯಾರು? ಬಂಧುಬಳಗಕ್ಕೆಲ್ಲ ಅವನು ಅದೇ ಸುಳ್ಳನ್ನು ಹೇಳಿದ: ಮನೆ ಮುಟ್ಟಿ ಪ್ರಾಣ ಬಿಟ್ಟರು, ಪುಣ್ಯವಂತರು. ಅವ್ವ ಹನುಮಕ್ಕ ಮಾತ್ರ ಏನೂ ಕೇಳಲಿಲ್ಲ. ಗಂಡನ ಬಾಯಿಗೆ ನೀರು ಬಿಟ್ಟವಳು ಅವಳು. ತುಟಿ ಬಿಡಿಸಿದ ಕೈಗೆ ಎಲ್ಲ ತಿಳಿದಿರಬೇಕು.

ಅಂದಿನಿಂದ ಗಾಡಿ ನಾಗೇಶನ ಕೈಗೆ ಬಂತು. ಹಗಲಲ್ಲಿ ಅದರಷ್ಟು ಸಾಧು ಗಾಡಿ ಇನ್ನೊಂದಿಲ್ಲ. ಆದರೆ ಹೊತ್ತು ಮುಳುಗುವಾಗ ಹೆಬ್ಬೂರಿನ ಹತ್ತಿರ ಬಂದರೆ, ಸ್ಟೇರಿಂಗು ಅವನ ಅಂಗೈಯೊಳಗೆ ಮೆಲ್ಲಗೆ ಮನೆಯ ದಿಕ್ಕಿಗೆ ಜಗ್ಗುತ್ತಿತ್ತು. ಏಜಾಜ್ ಅಲೈನ್‌ಮೆಂಟ್ ನೋಡಿದ, ಟೈರು ಬದಲಿಸಿದ, ಏನೂ ತೊಂದರೆ ಇಲ್ಲ ಅಂದ. ಜಗ್ಗುವುದು ನಿಲ್ಲಲಿಲ್ಲ. ಹೆಣ ಹೊತ್ತು ತರುವುದನ್ನು ಈ ಗಾಡಿ ಕಲಿತುಬಿಟ್ಟಿದೆ, ಮುಂದಿನ ಸರದಿ ತನ್ನದು ಎಂಬುದು ನಾಗೇಶನ ತಲೆಯಲ್ಲಿ ಕೂತಿತು. ಅವನಿಗೆ ನಿಜವಾಗಿ ಭಯವಾಗಿತ್ತು.

ಕೊನೆಗೆ ಮಾರುವುದೆಂದೇ ಆಯಿತು. ಚರ್ಚೆಯುದ್ದಕ್ಕೂ ಬಾಯಿ ಬಿಡದ ಹನುಮಕ್ಕ ಅವತ್ತು ಮಾತಾಡಿದಳು.

"ಮಾರ್ಕೋ ಮಗಾ. ಹಗ್ಗ ಮಾತ್ರ ಕೊಡ್ಬ್ಯಾಡ."

ಆ ಮನೆಯಲ್ಲಿ ದನ ಮಾರಿದರೆ ಹಗ್ಗ ಕೊಡುತ್ತಿರಲಿಲ್ಲ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯ ಹಗ್ಗ ಕೊಟ್ಟಿಗೆಯ ಗೂಟದಲ್ಲೇ ಉಳಿಯಬೇಕು. ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ದನದ ಹಿಂದೆ ನಡೆದುಬಿಡುತ್ತಾಳೆ ಎಂದು ನಂಬಿಕೆ. ಈಗ ಕೊಟ್ಟಿಗೆಯಲ್ಲಿ ಒಂದು ದನವೂ ಇಲ್ಲ. ಹೋದ ದನಗಳ ಹಗ್ಗಗಳು ಮಾತ್ರ ಸಾಲಾಗಿ ನೇತಾಡುತ್ತಿದ್ದವು. ಗಾಡಿಗೆಲ್ಲಿಯ ಹಗ್ಗ ಎಂದು ನಕ್ಕ ನಾಗೇಶ ಕೀಚೈನು ಬಿಚ್ಚಿ ಅವ್ವನ ಕೈಗಿಟ್ಟ. ಅವಳು ಅದನ್ನು ಅವನ ಜೇಬಿಗೇ ಹಾಕಿದಳು.

"ಕೀ ಅಂದ್ರೆ ಕೊರಳ ಗಂಟೆ ಇದ್ದಂಗೆ. ಹಿಡಿದು ನಿಲ್ಸೋದು ಯಾವ್ದೋ ಅದೇ ಹಗ್ಗ. ಆ ಗುಂಡಿ ತಂದ್ಕೊಡು."

ಏಜಾಜ್‌ಗೆ ಹೇಳಿದರೆ ಅವನೂ ನಕ್ಕ. ಆದರೂ ಹನುಮಕ್ಕನ ಮಾತೆಂದರೆ ಅವನಿಗೆ ಗೌರವ. ಹಳೆಯ ಗುಂಡಿಯನ್ನು ವೈರು ಸಮೇತ ಬಿಚ್ಚಿ ಕೊಟ್ಟು, ಗಾಡಿಗೆ ಹೊಸದು ಕೂರಿಸಿದ. ಹನುಮಕ್ಕ ಅದನ್ನು ಸೆರಗಿನಲ್ಲಿ ಒರೆಸಿ ಕೊಟ್ಟಿಗೆಯ ಗೂಟಕ್ಕೆ ತಗುಲಿಸಿದಳು.

ಕೊಂಡವನು ತಾರಿಖ್, ಏಜಾಜ್‌ನ ತಂಗಿಯ ಮಗ. ಕುಣಿಗಲ್ಲಿನಲ್ಲಿ ಬಾಳೆಕಾಯಿ ವ್ಯಾಪಾರ. ನಗುಮುಖದ, ಸಂಕೋಚದ ಹುಡುಗ. ಮನೆಯಲ್ಲಿ ತಾಯಿ ಜಮಾಲುನ್ನೀಸಾ, ಹೆಂಡತಿ, ಒಂದು ಕೂಸು. ವ್ಯಾಪಾರವೆಲ್ಲ ಶಿರಾ ಗೇಟಿನ ಗ್ಯಾರೇಜಿನಲ್ಲೇ ಮುಗಿಯಿತು. ಹೊರಡುವ ಮುಂಚೆ ತಾರಿಖ್, ಗಾಡಿಯಲ್ಲಿ ಏನಾದರೂ ತಕರಾರು ಇದೆಯಾ ಅಣ್ಣ ಎಂದು ಕೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾಗೇಶ ತಡವರಿಸಿ, ಅಪ್ಪ ಮಗುವಿನ ಥರ ಸಾಕಿದ ಗಾಡಿ, ಏನೂ ಇಲ್ಲ ಅಂದ.

ಹೊಸ ಗ್ಯಾಸ್ ಗಾಡಿ ಬಂತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಅಂಗಳದೊಳಗೆ ತಂದರು. ಬೆಳ್ಳಗೆ, ತಣ್ಣಗೆ, ಕೀ ತಿರುಗಿಸಿದ ತಕ್ಷಣ ಬಾಯಿ ಮುಚ್ಚಿಕೊಳ್ಳುವ ವಿಧೇಯ ಗಾಡಿ. ಬಂಕಿನ ಕ್ಯೂನಲ್ಲಿ ನಾಗೇಶ ತೂಕಡಿಸುವುದನ್ನು ಕಲಿತ, ಏರಿನಲ್ಲಿ ಗೇರು ಇಳಿಸುವುದನ್ನೂ ಕಲಿತ. ಹೆಬ್ಬೂರಿನ ಹತ್ತಿರ ಸ್ಟೇರಿಂಗು ಜಗ್ಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವನಿಗೆ ನೆಮ್ಮದಿಯಾಗಿ ನಿದ್ದೆ ಬಂತು.

ಹನುಮಕ್ಕ ಮಾತ್ರ ಸಂಜೆಯಾದರೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಒಂದು ಸಂಜೆ ಕೊಟ್ಟಿಗೆಗೆ ಸೌದೆ ತರಲು ಹೋದ ನಾಗೇಶ ಗೂಟಗಳ ಕಡೆ ನೋಡಿ ಹಾಗೇ ನಿಂತ. ಗಾಳಿ ಇರಲಿಲ್ಲ. ದನದ ಹಗ್ಗಗಳು ಅಲುಗದೆ ನೇತಾಡುತ್ತಿದ್ದವು. ಸ್ಟಾಪ್ ವೈರು ಒಂದೇ, ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ನಡುಗುತ್ತದಲ್ಲ, ಹಾಗೆ ಸಣ್ಣಗೆ ನಡುಗುತ್ತಿತ್ತು. ಸೌದೆ ತರದೆ ಹೊರಗೆ ಬಂದ.

ಆಗ ಅವನಿಗೆ ಹೊಳೆಯಿತು, ತಾವು ಎಂಥ ತಪ್ಪು ಮಾಡಿದ್ದೇವೆಂದು. ಹಗ್ಗ ಇಲ್ಲಿ ಇಟ್ಟುಕೊಂಡರೆ ದನಕ್ಕೆ ಇದೇ ಹಟ್ಟಿ. ಆ ಗಾಡಿ ಯಾರ ಕೈಯಲ್ಲಿದ್ದರೂ, ಅವರ ಹೆಣವನ್ನು ಹೊತ್ತು ಬರುವುದು ಈ ಮನೆಯ ಬಾಗಿಲಿಗೇ. ತಾರಿಖ್‌ಗೆ ಫೋನ್ ಮಾಡಿ ಗಾಡಿ ವಾಪಸ್ ಕೊಡು ಎನ್ನಬೇಕೆಂದುಕೊಂಡ. ಏನೆಂದು ಹೇಳುವುದು? ನಾಳೆ ಮಾಡಿದರಾಯಿತು ಎಂದು ಬಿಟ್ಟ, ಮಾರನೆ ದಿನವೂ ಬಿಟ್ಟ.

ಮುಂದಿನ ವಾರ ಪ್ರಮೀಳಾ ಕಂಪನಿ ಬಸ್ಸಿಳಿದು ಒಳಗೆ ಬಂದು ಚಪ್ಪಲಿ ಬಿಡುತ್ತಿದ್ದಳು. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ರಸ್ತೆಯಲ್ಲಿ ಆ ಸದ್ದು ಕೇಳಿತು. ಊರಲ್ಲಿ ನೂರು ಡೀಸೆಲ್ ಗಾಡಿ ಓಡಾಡಲಿ, ಇದರ ಸದ್ದು ಬೇರೆ.

"ಬಂತು," ಅಂದಳು ಹನುಮಕ್ಕ.

ಗಾಡಿ ಗೇಟಿಗೆ ಅಡ್ಡಲಾಗಿ, ಹುಣಸೆಮರದಡಿ, ಅದೇ ಜಾಗದಲ್ಲಿ ನಿಂತಿತು. ಎಂಜಿನ್ ನಿಲ್ಲಲಿಲ್ಲ. ಯಾರೂ ಇಳಿಯಲಿಲ್ಲ. ತಾನು ಬಾಯಿ ಬಿಡದೆ ಒಬ್ಬ ತಾಯಿಯ ಮಗನನ್ನು ಕೊಂದೆ ಎಂಬ ಒಂದೇ ಮಾತು ನಾಗೇಶನೊಳಗೆ ತಿರುಗುತ್ತಿತ್ತು. ಹೇಗೋ ಹೋಗಿ ಬಾಗಿಲು ತೆಗೆದ.

ತಾರಿಖ್ ನೆಟ್ಟಗೆ ಕೂತಿದ್ದ. ಕಣ್ಣು ಅರೆ ತೆರೆದಿತ್ತು, ಕೈ ಎರಡೂ ಸ್ಟೇರಿಂಗ್ ಮೇಲೆ. ನಾಗೇಶ ಹೊಸ ಗುಂಡಿ ಎಳೆದ. ವೈರು ಅಷ್ಟುದ್ದ ಸಡಿಲವಾಗಿ ಕೈಗೆ ಬಂತು, ಎಂಜಿನ್ ಓಡುತ್ತಲೇ ಇತ್ತು. ತಾರಿಖ್‌ನ ಕುತ್ತಿಗೆ ಮುಟ್ಟಿದ. ಬೆವರಿತ್ತು. ಬೆವರಿನಡಿ ಬಿಸಿ ಇತ್ತು.

"ಅವ್ವ, ಉಸಿರಿದೆ," ಎಂದ. ಅಳು ಬಂದುಬಿಟ್ಟಿತ್ತು.

ಅಂಗಳದಲ್ಲಿದ್ದ ಹೊಸ ಗಾಡಿ ತೆಗೆಯೋಣವೆಂದರೆ ಗೇಟಿಗೆ ಇದೇ ಅಡ್ಡ. ಯಾವ ಗಾಡಿಗೆ ಹೆದರಿ ಮಾರಿದ್ದನೋ ಅದನ್ನೇ ಹತ್ತಬೇಕಾಯಿತು. ಪ್ರಮೀಳಾ ಕೈ ಜೋಡಿಸಿದಳು. ತಾರಿಖ್‌ನನ್ನು ನಡುವೆ ಸರಿಸಿ, ಅತ್ತ ಹನುಮಕ್ಕ ಅವನನ್ನು ತಬ್ಬಿ ಹಿಡಿದು ಕೂತಳು. ಅವಳ ಕೈಯಲ್ಲಿ ಹಳೆಯ ಗುಂಡಿ, ವೈರು. ಯಾವಾಗ ಕೊಟ್ಟಿಗೆಗೆ ಹೋಗಿ ತಂದಳೋ ಯಾರೂ ನೋಡಲಿಲ್ಲ.

ಗಾಡಿ ಗುಬ್ಬಿಯ ಕಡೆ ತಿರುಗಲೊಲ್ಲದು. ಸ್ಟೇರಿಂಗು ಮನೆಯ ಕಡೆಗೇ ಜಗ್ಗುತ್ತಿತ್ತು, ನಾಗೇಶ ಎರಡೂ ತೋಳು ಹಾಕಿ ಎಳೆಯುತ್ತಿದ್ದ. ಹನುಮಕ್ಕ ಮುಂದಿನ ತಗಡಿನ ಮೇಲೆ ಹಸುವಿನ ಬೆನ್ನು ಸವರುವ ಹಾಗೆ ಕೈಯಾಡಿಸಿದಳು.

"ಇವನಿನ್ನೂ ಬದ್ಕವ್ನೆ ಕಣಪ್ಪ. ನಡಿ," ಅಂದಳು. ಮಗನಿಗಲ್ಲ.

ಸ್ಟೇರಿಂಗು ಹಗುರವಾಯಿತು.

ಆಸ್ಪತ್ರೆಯಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ, ಊಟ ಬಿಟ್ಟು ಗಾಡಿ ಹತ್ತಿದ್ದಾನೆ. ಇನ್ನಷ್ಟು ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಡ್ರಿಪ್ ಹಾಕಿದ ಮೇಲೆ ನಾಗೇಶ ಹೊರಗೆ ಬಂದ. ಗಾಡಿಯ ಸದ್ದಿರಲಿಲ್ಲ. ಒಳಗೆ ಅವ್ವ ಸೀಟಿಗೆ ಒರಗಿ ಕಣ್ಣು ಮುಚ್ಚಿ ಅಲುಗದೆ ಕೂತಿದ್ದಳು, ವೈರು ಮಡಿಲಲ್ಲಿ. ನಾಗೇಶ ಓಡಿದ.

ಹನುಮಕ್ಕ ಕಣ್ಣು ಬಿಟ್ಟಳು. "ಸಾಕು ಅಂದೆ. ನಿಂತ್ಕತ್ತು," ಅಂದಳು.

ಎಚ್ಚರವಾದ ಮೇಲೆ ತಾರಿಖ್ ಹೇಳಿದ್ದು ಇಷ್ಟು: ಕುಣಿಗಲ್ಲಿನಿಂದ ತುಮಕೂರಿಗೆ ಹೊರಟಿದ್ದ. ಹೆಬ್ಬೂರಿನ ಹತ್ತಿರ ಕಣ್ಣು ಕತ್ತಲೆ ಬಂತು. ಗಾಡಿ ಪಕ್ಕಕ್ಕೆ ಹಾಕಿ, ಗುಂಡಿ ಎಳೆದು ನಿಲ್ಲಿಸಿದ್ದು ಚೆನ್ನಾಗಿ ನೆನಪಿದೆ. ಆಮೇಲಿನದು ಗೊತ್ತಿಲ್ಲ.

"ನಿಮ್ಮನೆ ಎಲ್ಲಿದೆ ಅಂತಾನೂ ನಂಗೊತ್ತಿಲ್ಲ ನಾಗೇಶಣ್ಣ. ಯಾರು ಕರ್ಕೊಂಡು ಬಂದ್ರು?"

ನಾಗೇಶ ಈ ಸಲ ಸುಳ್ಳು ಹೇಳಲಿಲ್ಲ. ಅಪ್ಪನ ಕೈ ಬೆರಳಿನಿಂದ ಹಿಡಿದು ಗೂಟದಲ್ಲಿ ನಡುಗಿದ ವೈರಿನವರೆಗೂ ಎಲ್ಲ ಹೇಳಿದ. ಗಾಡಿ ಬೇಡವಾದರೆ ವಾಪಸ್ ಇಟ್ಟುಕೊಳ್ಳುತ್ತೇನೆ ಎಂದ. ತಾರಿಖ್ ಎದ್ದು ಕೂತು, ಇಷ್ಟು ನಿಯತ್ತಿನ ಗಾಡಿಯನ್ನ ಯಾರಾದ್ರೂ ವಾಪಸ್ ಕೊಡ್ತಾರಾ ಅಂದ.

ಅವನು ಚೇತರಿಸಿಕೊಂಡು, ಏಜಾಜ್‌ನ ಜೊತೆ ಗಾಡಿ ಒಯ್ಯಲು ಮನೆಗೆ ಬಂದ ದಿನ, ಹನುಮಕ್ಕ ಹಳೆಯ ಗುಂಡಿಯನ್ನು ವೈರು ಸಮೇತ ಹೊಸ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಆ ಮನೆಯಿಂದ ಹಗ್ಗ ಹೊರಗೆ ಹೋದದ್ದು ಅದೇ ಮೊದಲು.

"ಇನ್ನು ಇದು ನಿಮ್ಮ ಮನೇಲಿರ್ಲಿ ಮಗಾ. ಎಲ್ಲಿಗೆ ಬರ್ಬೇಕು ಅಂತ ಅದಕ್ಕೆ ಗೊತ್ತಾಗ್ಲಿ," ಅಂದಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಅದಾಗಿ ಕೆಲವು ದಿನಕ್ಕೆ ನಾಗೇಶ ಕುಣಿಗಲ್ಲಿಗೆ ಕಾಯಿ ಇಳಿಸಿ ಬರುತ್ತಿದ್ದ. ಹೊತ್ತು ಮುಳುಗುತ್ತಿತ್ತು. ಹೆಬ್ಬೂರಿನ ಹತ್ತಿರ ಎಡ ಭುಜದಲ್ಲಿ ಸಣ್ಣಗೆ ಸೆಳೆತ. ಮೂಟೆ ಎತ್ತಿದ್ದಕ್ಕಿರಬೇಕು ಎಂದು ಗಾಡಿ ಪಕ್ಕಕ್ಕೆ ಹಾಕಿ ಕೀ ತಿರುಗಿಸಿದ. ಎಂಜಿನ್ ತಕ್ಷಣ ನಿಂತಿತು. ಎಂಥ ನಿಶ್ಶಬ್ದವೆಂದರೆ ಅವನಿಗೆ ತನ್ನ ಎದೆಯ ಬಡಿತವೇ ಕೇಳಿಸಿತು. ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಾದ. ಅದು ಯಾವ ಕಡೆಗೂ ಜಗ್ಗಲಿಲ್ಲ. ಸತ್ತ ಅಪ್ಪನನ್ನೂ ದಾರಿಯಲ್ಲಿ ಬಿಡದೆ ಮನೆ ಮುಟ್ಟಿಸಿದ ಗಾಡಿಗೆ ತಾನು ಹೆದರಿದ್ದೆನಲ್ಲ ಎಂದು ಅವನಿಗೆ ಆಗ ಅನ್ನಿಸಿತು.

ಫೋನು ಬಡಿದುಕೊಂಡಿತು. ಅವ್ವ.

"ಎಲ್ಲಿದೀಯಾ ಮಗಾ?"

"ಹೆಬ್ಬೂರ್ ಹತ್ರ ಇದೀನಿ ಅವ್ವ. ಬರ್ತೀನಿ."

"ಬಿರ್ನೆ ಬಾ. ನಿಂತ್ಕೋಬ್ಯಾಡ. ಆ ಗಾಡಿಗೆ ನಮ್ಮನೆ ದಾರಿ ಗೊತ್ತಿಲ್ಲ," ಅಂದಳು ಹನುಮಕ್ಕ.